ಮಗುವಿಗೆ ಅಪರೂಪದ ಹೆಸರು: ಹುಡುಕುವುದು, ಒರೆಗೆ ಹಚ್ಚುವುದು, ಕಾಗುಣಿತ ನಿಶ್ಚಯಿಸುವುದು

ಅಪರೂಪದ ಹೆಸರನ್ನು ಬಯಸುವ ತಂದೆತಾಯಿಗಳಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಹೆಸರು ಅಪರೂಪದ್ದಾಗಿರಲಿ, ಕಾಗುಣಿತ ಮಾತ್ರ ಸರಳವಾಗಿರಲಿ. ಓಣಿಯಲ್ಲೆಲ್ಲ ಕೇಳಿಬರುವ ಹೆಸರಿಗೆ ಇಂಗ್ಲಿಷಿನಲ್ಲಿ ಒಂದು ಹೆಚ್ಚಿನ ‘ಎ’ಯನ್ನೋ ‘ಎಚ್’ ಅನ್ನೋ ಸೇರಿಸಿ ಅದನ್ನು ವಿಶಿಷ್ಟವಾಗಿಸಲು ಹೊರಟರೆ, ಕೇಳುವವರ ಕಿವಿಗೆ ಅದು ಅದೇ ಹೆಸರಾಗಿಯೇ ಉಳಿಯುತ್ತದೆ. ಮಗು ಮಾತ್ರ ದೊಡ್ಡದಾದ ಮೇಲೂ ಪ್ರತಿಯೊಂದು ಕಚೇರಿಯಲ್ಲಿ, ಪ್ರತಿಯೊಂದು ದೂರವಾಣಿ ಕರೆಯಲ್ಲಿ ಆ ಹೆಚ್ಚಿನ ಅಕ್ಷರವನ್ನು ಬಿಡಿಸಿ ಹೇಳುತ್ತಲೇ ಇರಬೇಕಾಗುತ್ತದೆ. ಆದ್ದರಿಂದ ಕೆಲಸದ ಕ್ರಮ ಹೀಗಿರಬೇಕು: ಮೊದಲು ಹೆಸರು, ಆಮೇಲೆ ಅದರ ಕನ್ನಡ ರೂಪ, ಆ ರೂಪದಿಂದ ಇಂಗ್ಲಿಷ್ ಅಕ್ಷರಗಳ ರೂಪ, ಕಡೆಗೆ ದಾಖಲೆ. ಅನೇಕ ಮನೆಗಳಲ್ಲಿ ನಡೆಯುವುದು ಇದರ ತಿರುವುಮುರುವು. ಆಸ್ಪತ್ರೆಯ ನಮೂನೆಯಲ್ಲಿ ಅವಸರದಿಂದ ಇಂಗ್ಲಿಷಿನಲ್ಲಿ ಏನೋ ಒಂದನ್ನು ತುಂಬಲಾಗುತ್ತದೆ, ಅದನ್ನು ನೋಡಿ ಇನ್ಯಾರೋ ಕನ್ನಡದಲ್ಲಿ ಬರೆಯುತ್ತಾರೆ, ಪ್ರಮಾಣಪತ್ರ ಕೈಗೆ ಬಂದಾಗ ಹೆಸರು ಬೇರೆಯೇ ಆಗಿರುತ್ತದೆ.

ಎಷ್ಟು ಸಮಯವಿದೆ

ಅವಸರಪಡುವ ಅಗತ್ಯವಿಲ್ಲ ಎಂಬುದನ್ನು ಕಾನೂನೇ ಹೇಳುತ್ತದೆ. 1969ರ ಜನನ ಮರಣ ನೋಂದಣಿ ಕಾಯ್ದೆಯಂತೆ 21 ದಿನಗಳೊಳಗೆ ವರದಿಯಾಗಬೇಕಾದದ್ದು ಜನನ, ಹೆಸರಲ್ಲ. ಹೆಸರಿನ ಜಾಗವನ್ನು ಖಾಲಿ ಬಿಟ್ಟೇ ಜನನವನ್ನು ನೋಂದಾಯಿಸಬಹುದು. ನೋಂದಣಿಯ ನಂತರ 12 ತಿಂಗಳೊಳಗೆ ತಂದೆ ಅಥವಾ ತಾಯಿ ಹೆಸರನ್ನು ತಿಳಿಸಿದರೆ ಯಾವ ಶುಲ್ಕವೂ ಇಲ್ಲದೆ ಅದನ್ನು ಸೇರಿಸಲಾಗುತ್ತದೆ, ಆಮೇಲೆ 15 ವರ್ಷಗಳವರೆಗೂ ವಿಳಂಬ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಹೆರಿಗೆಯಾದ ವಾರ್ಡಿನಲ್ಲಿ ನಮೂನೆ ಹಿಡಿದು ಬಂದವರು “ಹೆಸರು ಹೇಳಿ” ಎಂದರೆ, “ಇನ್ನೂ ಇಟ್ಟಿಲ್ಲ, ಆಮೇಲೆ ಸೇರಿಸುತ್ತೇವೆ” ಎಂದು ಹೇಳುವುದರಲ್ಲಿ ಸಂಕೋಚ ಬೇಡ.

ಆದರೆ ಒಮ್ಮೆ ಸೇರಿಸಿದ ಹೆಸರನ್ನು ಬದಲಿಸುವುದು ಸೇರಿಸಿದಷ್ಟು ಸುಲಭವಲ್ಲ. ಅದೇ ಕಾಯ್ದೆಯ 15ನೆಯ ಕಲಂ ಬರವಣಿಗೆಯ ತಪ್ಪುಗಳನ್ನು ತಿದ್ದಲು ದಾರಿ ಕೊಡುತ್ತದೆ. ಮನಸ್ಸು ಬದಲಾಯಿತೆಂದು ಹೆಸರನ್ನೇ ಬದಲಿಸಲು ಅದು ಇರುವುದಲ್ಲ. ಇದಕ್ಕೆ ಈಗ ಮೊದಲಿಗಿಂತ ಹೆಚ್ಚು ತೂಕ ಬಂದಿದೆ. 2023ರಲ್ಲಿ ಆದ ತಿದ್ದುಪಡಿ ಆ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂದಿದ್ದು, ಆ ದಿನದಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ಚಾಲನಾ ಪರವಾನಗಿ, ಮತದಾರರ ಪಟ್ಟಿ, ವಿವಾಹ ನೋಂದಣಿ, ಸರ್ಕಾರಿ ನೇಮಕಾತಿ, ಪಾಸ್‌ಪೋರ್ಟ್, ಆಧಾರ್ ಇವೆಲ್ಲಕ್ಕೂ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ ಆಗಿದೆ. ಅದರಲ್ಲಿ ಅಚ್ಚಾದ ಅಕ್ಷರಗಳು ಮುಂದಿನ ಎಲ್ಲ ದಾಖಲೆಗಳಿಗೂ ಹರಿದುಹೋಗುತ್ತವೆ. ಆದ್ದರಿಂದ ಕಾನೂನು ಕೊಟ್ಟಿರುವ ಆ ಕಾಲಾವಕಾಶವನ್ನು ಯೋಚಿಸಲು ಬಳಸಿಕೊಳ್ಳುವುದೇ ವಿವೇಕ.

ಎಲ್ಲಿ ಹುಡುಕಬೇಕು

ಹೆಸರುಗಳ ಜಾಲತಾಣಗಳಲ್ಲಿ ‘ಅಪರೂಪದ ಹೆಸರುಗಳು’ ಎಂಬ ಪಟ್ಟಿಯಿಂದ ಆರಿಸಿದ ಹೆಸರು ಅಪರೂಪದ್ದಾಗಿ ಉಳಿಯುವ ಸಂಭವ ಕಡಿಮೆ, ಏಕೆಂದರೆ ಅದೇ ವರ್ಷ ಅದೇ ಪಟ್ಟಿಯನ್ನು ಓದಿದವರು ಬಹಳ ಮಂದಿ ಇರುತ್ತಾರೆ. ನಾಲ್ಕು ವರ್ಷಗಳ ನಂತರ ಶಿಶುವಿಹಾರದ ಹಾಜರಿ ಪುಸ್ತಕದಲ್ಲಿ ಅದರ ಫಲ ಕಾಣಿಸುತ್ತದೆ. ನಿಜಕ್ಕೂ ಅಪರೂಪವಾದದ್ದು ನಮ್ಮದೇ ಮನೆ, ಊರು, ಭಾಷೆಗಳಲ್ಲಿ ಬಳಕೆ ತಪ್ಪಿ ಕುಳಿತಿರುವ ಹೆಸರು.

ಕನ್ನಡದಲ್ಲಿ ಅಂಥ ಮೂಲಗಳು ಧಾರಾಳವಾಗಿವೆ. ಶಾಸನಗಳಲ್ಲಿ ಬರುವ ಹೆಸರುಗಳನ್ನೇ ನೋಡಿ: ಹೊಯ್ಸಳ ವಿಷ್ಣುವರ್ಧನನ ಅರಸಿ ಶಾಂತಲೆ, ಅವನ ತಾಯಿ ಏಚಲದೇವಿ, ತಂದೆ ಎರೆಯಂಗ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಅರಸಿ ಚಂದಲದೇವಿ, ಹತ್ತನೆಯ ಶತಮಾನದ ದಾನಚಿಂತಾಮಣಿ ಅತ್ತಿಮಬ್ಬೆ. ಇವುಗಳಲ್ಲಿ ಕೆಲವನ್ನು ಇದ್ದಂತೆಯೇ ಇಡಬಹುದು. ಚಂದಲ, ಏಚಲ ಎಂದು ಬಾಲಭಾಗವನ್ನು ಬಿಟ್ಟೂ ಇಡಬಹುದು. ಶರಣರ ಕಾಲ ಅಲ್ಲಮ, ಮುಕ್ತಾಯಕ್ಕ, ನೀಲಾಂಬಿಕೆಯರ ಹೆಸರುಗಳನ್ನು ಕೊಟ್ಟಿದೆ. ನದಿಗಳ ಹೆಸರನ್ನು ಹೆಣ್ಣುಮಕ್ಕಳಿಗೆ ಇಡುವ ರೂಢಿ ಹಳೆಯದಾದರೂ ಅದು ಕಾವೇರಿ, ತುಂಗಾ, ಶರಾವತಿಗಳ ಬಳಿಯೇ ನಿಂತುಬಿಟ್ಟಿದೆ. ಶಾಲ್ಮಲಾ, ಸೌಪರ್ಣಿಕಾ, ವರದಾ, ಅಘನಾಶಿನಿ, ಚಿತ್ರಾವತಿಗಳು ಕರೆಯುವವರಿಲ್ಲದೆ ಹರಿಯುತ್ತಿವೆ. ತಾಯಿಯ ತವರಿನ ಹತ್ತಿರ ಹರಿಯುವ ಹೊಳೆಯ ಹೆಸರಾದರೆ ಮಗುವಿಗೆ ಹೇಳಲು ಒಂದು ಕಥೆಯೂ ಜೊತೆಯಾಗುತ್ತದೆ. ರಾಗಗಳು, ಹೂವುಗಳು, ಮುತ್ತಜ್ಜಿಯ ಹೆಸರುಗಳು ಹೀಗೆಯೇ ಹುಡುಕಲು ತಕ್ಕ ಜಾಗಗಳು. ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ನಾಲ್ಕು ತಲೆಮಾರಿನ ಹೆಸರುಗಳನ್ನು ಬರೆಸಿಕೊಂಡರೆ ಯಾವ ಪಟ್ಟಿಯಲ್ಲೂ ಇಲ್ಲದ ಹೆಸರು ಒಂದಾದರೂ ಸಿಕ್ಕೀತು.

ಅಚ್ಚಗನ್ನಡದ ಹೆಸರುಗಳ ಬಗ್ಗೆ ನನಗೆ ವಿಶೇಷ ಒಲವಿದೆ. ಇಬ್ಬನಿ, ಇಂಚರ, ನೇಸರ, ಮುಗಿಲು, ಒಲವು, ಅಲರ್, ಎಲರ್ (ಗಾಳಿ ಎಂಬ ಅರ್ಥದ ಹಳಗನ್ನಡ ಪದ, ‘ತಂಬೆಲರ್’ ಎಂಬಲ್ಲಿ ಇರುವುದು ಇದೇ) ಇವೆಲ್ಲ ಚಿಕ್ಕವು, ಇಂಪಾದವು, ಅರ್ಥ ಕೇಳಿದರೆ ನಿಘಂಟು ತೆರೆದು ತೋರಿಸಬಹುದಾದವು. ಹೊಸ ಹೆಸರು ಕಟ್ಟುವುದಕ್ಕೂ ದಾರಿಯಿದೆ. ಕುವೆಂಪು ತಮ್ಮ ಮಕ್ಕಳಿಗೆ ಪೂರ್ಣಚಂದ್ರ ತೇಜಸ್ವಿ, ಕೋಕಿಲೋದಯ ಚೈತ್ರ, ಇಂದುಕಲಾ, ತಾರಿಣಿ ಎಂದು ಹೆಸರಿಟ್ಟರು. ಇವುಗಳಲ್ಲಿ ಒಂದು ಪದವೂ ಹುಟ್ಟಿಸಿಕೊಂಡದ್ದಲ್ಲ. ಎಲ್ಲವೂ ಭಾಷೆಯಲ್ಲಿ ಇದ್ದ ಪದಗಳೇ. ಜೋಡಣೆ ಹೊಸದು. ಉದ್ದನೆಯ ಹೆಸರಿನೊಳಗೆ ‘ತೇಜಸ್ವಿ’, ‘ಚೈತ್ರ’ ಎಂದು ಕರೆಯಲು ಸುಲಭವಾದ ಭಾಗವೂ ಇದೆ. ಎರಡು ಇಂಗ್ಲಿಷ್ ಅಕ್ಷರಗಳನ್ನು ತಂದೆಯಿಂದಲೂ ಎರಡನ್ನು ತಾಯಿಯಿಂದಲೂ ತೆಗೆದು ಜೋಡಿಸುವ ಈಚಿನ ಪದ್ಧತಿಗಿಂತ ಇದು ಹೆಚ್ಚು ಬಾಳಿಕೆಯ ವಿಧಾನ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಅರ್ಥವನ್ನು ಖಚಿತಪಡಿಸಿಕೊಳ್ಳುವುದು

ಒಂದು ಹೆಸರು ಮನಸ್ಸಿಗೆ ಬಂದ ಕೂಡಲೇ ಅದರ ಅರ್ಥವನ್ನು ಹೆಸರುಗಳ ಪಟ್ಟಿಯಲ್ಲಲ್ಲ, ನಿಘಂಟಿನಲ್ಲಿ ನೋಡಬೇಕು. ಪಟ್ಟಿಗಳಲ್ಲಿ ಪ್ರತಿಯೊಂದು ಹೆಸರಿಗೂ ‘ಶಾಂತಿ’, ‘ಸೂರ್ಯಕಿರಣ’, ‘ದೇವರ ವರ’ ಎಂಬಂಥ ಹಿತವಾದ ಅರ್ಥವೇ ಇರುತ್ತದೆ, ಮತ್ತು ಒಂದರಿಂದ ಇನ್ನೊಂದು ನಕಲಾಗುತ್ತ ತಪ್ಪು ಅರ್ಥವೇ ನೆಲೆಗೊಳ್ಳುತ್ತದೆ. ಬಹಳ ಪ್ರಚಾರದಲ್ಲಿರುವ ‘ಆರವ್’ ಎಂಬುದನ್ನು ಶಾಂತ ಎಂದು ಅರ್ಥೈಸುವ ಪಟ್ಟಿಗಳಿವೆ. ಸಂಸ್ಕೃತದಲ್ಲೂ ಕನ್ನಡದಲ್ಲೂ ‘ಆರವ’ ಎಂದರೆ ಧ್ವನಿ, ಸದ್ದು, ಕೂಗು. ‘ಅನಯ’ ಎಂಬುದಕ್ಕೆ ನಮ್ಮ ನಿಘಂಟುಗಳು ಕೊಡುವ ಅರ್ಥ ಅನೀತಿ, ಅನ್ಯಾಯ. ಕಾಳಜಿ ಎಂಬ ಅರ್ಥವಿರುವುದು ಹತ್ತಿರದ ಧ್ವನಿಯ ಅರಬ್ಬೀ ಪದ ‘ಇನಾಯಾ’ಕ್ಕೆ. ಈ ಹೆಸರುಗಳನ್ನು ಇಟ್ಟವರ ಪ್ರೀತಿಗೆ ಇದರಿಂದ ಕುಂದೇನಿಲ್ಲ. ಧ್ವನಿ ಎಂಬ ಅರ್ಥವೂ ಒಳ್ಳೆಯದೇ. ಆದರೆ ಇಡುವ ಮುನ್ನ ತಿಳಿದು ಇಡುವುದು ಲೇಸು.

ಕನ್ನಡ ಪದಗಳಿಗೆ ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು, 1894ರ ಕಿಟ್ಟೆಲ್ ನಿಘಂಟು ಇವೆರಡೂ ಭದ್ರವಾದ ಆಧಾರಗಳು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ ‘ಭಾರತವಾಣಿ’ ತಾಣದಲ್ಲಿ ಅನೇಕ ನಿಘಂಟುಗಳು ಒಟ್ಟಿಗೆ ದೊರೆಯುತ್ತವೆ, ‘ಅಲರ್’ ಎಂಬ ಕನ್ನಡ–ಇಂಗ್ಲಿಷ್ ನಿಘಂಟನ್ನು ಮೊಬೈಲಿನಲ್ಲೇ ನೋಡಬಹುದು. ಹುಡುಕುವಾಗ ಹೆಸರಿನ ಮೂಲರೂಪವನ್ನು ಹುಡುಕಬೇಕು. ‘ಆರವ್’ ಸಿಗದಿದ್ದರೆ ‘ಆರವ’ ಸಿಗುತ್ತದೆ.

ಆಮೇಲೆ ಸುತ್ತಣ ಭಾಷೆಗಳ ಕಡೆಗೂ ಒಮ್ಮೆ ಕಿವಿಗೊಡಬೇಕು. ನಮ್ಮ ‘ಚಿನ್ನ’ ತೆಲುಗಿನಲ್ಲಿ ‘ಚಿಕ್ಕ’ ಎಂದಾಗುತ್ತದೆ. ಕನ್ನಡದ ‘ಅರಿ’ ತಿಳಿವನ್ನು ಸೂಚಿಸಿದರೆ ಸಂಸ್ಕೃತದ ‘ಅರಿ’ ಶತ್ರುವನ್ನು ಸೂಚಿಸುತ್ತದೆ. ಉತ್ತರದಲ್ಲಿ ಮೆಚ್ಚುಗೆಯ ‘ನೀರಾ’ ನಮ್ಮ ತೆಂಗಿನ ತೋಟಗಳಲ್ಲಿ ಮರದಿಂದ ಇಳಿಸುವ ಪಾನೀಯ. ಇಂಥದ್ದೊಂದು ಕಂಡುಬಂದ ಮಾತ್ರಕ್ಕೆ ಹೆಸರನ್ನು ಕೈಬಿಡಬೇಕಿಲ್ಲ. ಮಗು ಬೆಳೆಯುವ ಊರಿನಲ್ಲಿ, ಅದರ ಓರಗೆಯವರ ಬಾಯಲ್ಲಿ ಆ ಇನ್ನೊಂದು ಅರ್ಥ ಬರುವ ಸಂಭವವಿದೆಯೇ ಎಂಬುದಷ್ಟೇ ಮುಖ್ಯ.

ನಕ್ಷತ್ರದ ಅಕ್ಷರ

ಜನ್ಮನಕ್ಷತ್ರದ ಪಾದಕ್ಕೆ ಅನುಗುಣವಾದ ಅಕ್ಷರದಿಂದಲೇ ಹೆಸರು ಆರಂಭವಾಗಬೇಕೆಂಬ ಮನೆಗಳಲ್ಲಿ ಆಯ್ಕೆ ಮೊದಲೇ ಕಿರಿದಾಗಿರುತ್ತದೆ. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ ಒಟ್ಟು 108 ಅಕ್ಷರಗಳು. ಅಶ್ವಿನಿಗೆ ಚು, ಚೆ, ಚೋ, ಲ. ಕೃತ್ತಿಕೆಗೆ ಅ, ಇ, ಉ, ಎ. ಇವುಗಳಿಂದ ಹೆಸರು ಹುಡುಕುವುದು ಕಷ್ಟವಲ್ಲ. ಆರ್ದ್ರಾ ನಕ್ಷತ್ರಕ್ಕೆ ಬರುವುದು ಕು, ಘ, ಙ, ಛ. ಹಸ್ತಕ್ಕೆ ಪು, ಷ, ಣ, ಠ. ಙ, ಣ ಅಕ್ಷರಗಳಿಂದ ಆರಂಭವಾಗುವ ಹೆಸರು ಕನ್ನಡದಲ್ಲಿ ಇಲ್ಲವೇ ಇಲ್ಲ. ಹಟ ಹಿಡಿದು ಅಂಥ ಅಕ್ಷರದಿಂದಲೇ ಹೆಸರನ್ನು ಹೊಸೆದರೆ ಯಾರೂ ಉಚ್ಚರಿಸಲಾಗದ ಪದವೊಂದು ಮಗುವಿನ ಪಾಲಿಗೆ ಬರುತ್ತದೆ.

ಇದಕ್ಕೆ ಪರಿಹಾರ ಸಂಪ್ರದಾಯದಲ್ಲೇ ಇದೆ. ನಾಮಕರಣದಲ್ಲಿ ದೇವತಾನಾಮ, ಮಾಸನಾಮ, ನಕ್ಷತ್ರನಾಮ, ವ್ಯಾವಹಾರಿಕ ನಾಮ ಎಂದು ಬೇರೆ ಬೇರೆ ಹೆಸರುಗಳನ್ನು ಇಡುವ ಕ್ರಮ ಇರುವುದೇ, ಪೂಜೆ ಸಂಕಲ್ಪಗಳ ಹೆಸರೂ ಲೋಕವ್ಯವಹಾರದ ಹೆಸರೂ ಒಂದೇ ಆಗಬೇಕಿಲ್ಲವೆಂಬ ತಿಳಿವಳಿಕೆಯಿಂದ. ಅಕ್ಕಿಯ ಮೇಲೆ ಉಂಗುರದಿಂದ ನಕ್ಷತ್ರನಾಮವನ್ನು ಬರೆಯಿರಿ, ಪ್ರಮಾಣಪತ್ರಕ್ಕೆ ವ್ಯಾವಹಾರಿಕ ನಾಮವನ್ನು ಕೊಡಿ. ಪುರೋಹಿತರೊಂದಿಗೆ ಮೊದಲೇ ಮಾತಾಡಿಕೊಂಡರೆ ಸಮಾರಂಭದ ದಿನ ಹಿರಿಯರಿಗೂ ಕಿರಿಯರಿಗೂ ಇರುಸುಮುರುಸಾಗುವುದಿಲ್ಲ. ಸೋದರತ್ತೆ ತೊಟ್ಟಿಲ ಬಳಿ ಹೆಸರು ಕರೆಯುವ ಪದ್ಧತಿಯ ಮನೆಗಳಲ್ಲಂತೂ ಆಕೆಗೆ ಹೆಸರನ್ನು ಮುಂಚಿತವಾಗಿ ಹೇಳಿ, ಒಂದೆರಡು ಸಲ ಹೇಳಿಸಿ ನೋಡುವುದು ಮುಂದಿನ ಹಂತಕ್ಕೂ ಸಹಾಯಕ.

ವಾಕ್ಯದಲ್ಲಿಟ್ಟು ನೋಡುವುದು

ಹೆಸರು ಬಿಡಿಯಾಗಿ ಚೆನ್ನಾಗಿ ಕೇಳಿಸಿದರೆ ಸಾಲದು. ಕನ್ನಡದಲ್ಲಿ ಹೆಸರಿಗೆ ವಿಭಕ್ತಿ ಪ್ರತ್ಯಯ ಹತ್ತುತ್ತದೆ, ಕ್ರಿಯಾಪದ ಅದರ ಲಿಂಗವನ್ನು ಹಿಡಿದು ನಡೆಯುತ್ತದೆ. ಹೆಸರುಗಳ ಪಟ್ಟಿ ಮಾಡುವವರು ಇದನ್ನು ಗಮನಿಸುವುದೇ ಇಲ್ಲ. ಆದ್ದರಿಂದ ಆರಿಸಿದ ಹೆಸರನ್ನು ದಿನನಿತ್ಯದ ನಾಲ್ಕು ವಾಕ್ಯಗಳಲ್ಲಿಟ್ಟು ಗಟ್ಟಿಯಾಗಿ ಹೇಳಬೇಕು: ಬಂದಳು ಅಥವಾ ಬಂದ, ಇವಳಿಗೆ ಜ್ವರ, ಇವಳ ಚೀಲ, ಇವಳನ್ನು ಕರೆ.

‘ಇಬ್ಬನಿ’ ಇದರಲ್ಲಿ ಸುಲಭವಾಗಿ ಗೆಲ್ಲುತ್ತದೆ: ಇಬ್ಬನಿ ಬಂದಳು, ಇಬ್ಬನಿಗೆ ಜ್ವರ, ಇಬ್ಬನಿಯ ಚೀಲ. ಗಂಡುಮಗುವಿಗೆ ‘ನೇಸರ’ವೂ ಹಾಗೆಯೇ: ನೇಸರನಿಗೆ, ನೇಸರನ. ‘ಇಂಚರ’ ಎಂಬ ಹೆಣ್ಣುಮಗುವಿನ ಹೆಸರಿನಲ್ಲಿ ಸ್ವಲ್ಪ ತಡೆಯಿದೆ, ಏಕೆಂದರೆ ಅಕಾರದಿಂದ ಮುಗಿಯುವ ಹೆಸರನ್ನು ಕನ್ನಡದ ಕಿವಿ ಗಂಡಿನದೆಂದು ತಿಳಿಯುತ್ತದೆ. ಇಂಚರಳಿಗೆ ಎನ್ನುವವರೂ ಇಂಚರಾಗೆ ಎನ್ನುವವರೂ ಇರುತ್ತಾರೆ. ‘ಒಲವು’, ‘ಬೆಳಕು’ ಮುಂತಾದ ಉಕಾರಾಂತ ಹೆಸರುಗಳಲ್ಲಿ ಪ್ರಶ್ನೆ ಇನ್ನೂ ಸೂಕ್ಷ್ಮ. “ಬೆಳಕು ಬಂತು” ಎಂಬ ರೂಢಿಯ ಮಾತಿನ ಪಕ್ಕದಲ್ಲಿ “ಬೆಳಕು ಬಂದಳು” ಎಂಬುದು ಮೊದಲ ಸಲ ವಿಚಿತ್ರವಾಗಿ ಕೇಳಿಸುತ್ತದೆ. “ಒಲವಿಗೆ ಹೇಳು”, “ಒಲವುಗೆ ಹೇಳು” ಇವುಗಳಲ್ಲಿ ಯಾವುದು ಎಂಬುದನ್ನು ಮನೆಯವರೇ ನಿಶ್ಚಯಿಸಿಕೊಳ್ಳಬೇಕು. ಕೆಲವು ವಾರ ಕರೆದರೆ ಈ ವಿಚಿತ್ರ ಹೋಗುತ್ತದೆ, ಹೆಸರು ವ್ಯಕ್ತಿಯದಾಗುತ್ತದೆ. ಇದು ಹೆಸರನ್ನು ಬಿಡಲು ಕಾರಣವಲ್ಲ, ಮೊದಲೇ ತಿಳಿದಿರಬೇಕಾದ ವಿಷಯ.

ಬಾಯಿಗಳ ಪರೀಕ್ಷೆಯೂ ಆಗಬೇಕು. ಮನೆಯ ಹಿರಿಯರ ಮಾತಿನಲ್ಲಿ ಮಹಾಪ್ರಾಣ ಸಲೀಸಾಗಿ ಬರದಿದ್ದರೆ ‘ಧೃತಿ’ ದ್ರುತಿಯಾಗುತ್ತಾಳೆ. ಹಕಾರ ಜಾರುವ ಸೀಮೆಯಲ್ಲಿ ‘ಹರ್ಷ’ ಅರ್ಷನಾಗುತ್ತಾನೆ. ಇದು ಆಡುಮಾತಿನ ಸಹಜ ಗುಣ, ತಪ್ಪೆಂದು ಯಾರನ್ನೂ ತಿದ್ದಬೇಕಾದ್ದಲ್ಲ. ಆದರೆ ಮಗುವನ್ನು ದಿನವೂ ಎತ್ತಿ ಆಡಿಸುವ ಅಜ್ಜಿಗೆ ಮೊಮ್ಮಗಳ ಹೆಸರು ಹೇಳುವಾಗ ನಾಲಿಗೆ ತಡವರಿಸುವಂತೆ ಮಾಡುವುದು ಸಲ್ಲದು. ಒತ್ತಕ್ಷರ ಕಡಿಮೆಯಿರುವ, ಎರಡು ಮೂರು ಅಕ್ಷರಗಳ ಹೆಸರಾದರೆ ಈ ತೊಂದರೆ ಹೆಚ್ಚಾಗಿ ಬರುವುದೇ ಇಲ್ಲ.

ಕನ್ನಡ ರೂಪವನ್ನು ನಿಲ್ಲಿಸುವುದು

ಹೆಸರು ನಿಶ್ಚಯವಾದ ಮೇಲೆ ಒಂದು ಹಾಳೆಯ ಮೇಲೆ ಅದನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆಯಿರಿ. ಮುಖ್ಯವಾದ ಪ್ರಶ್ನೆಗಳೆಲ್ಲ ಹೆಸರಿನ ಕೊನೆಯಲ್ಲಿರುತ್ತವೆ.

ಹೆಣ್ಣುಮಕ್ಕಳ ಸಂಸ್ಕೃತ ಮೂಲದ ಹೆಸರುಗಳಲ್ಲಿ ಕೊನೆಯ ಆಕಾರ ಕನ್ನಡಕ್ಕೆ ಬಂದಾಗ ಎಕಾರವಾಗುವುದು ನಮ್ಮ ಭಾಷೆಯ ಹಳೆಯ ನಡೆ: ಸೀತಾ ಸೀತೆಯಾದಳು, ಗಂಗಾ ಗಂಗೆಯಾದಳು. ಇಂದು ಹೆಸರುಗಳಲ್ಲಿ ಲತಾ, ಲತೆ, ಲತ ಎಂಬ ಮೂರು ರೂಪಗಳೂ ಕಾಣಿಸುತ್ತವೆ. ಇವುಗಳಲ್ಲಿ ಮೊದಲಿನ ಎರಡರಲ್ಲಿ ಯಾವುದನ್ನಾದರೂ ಆರಿಸಬಹುದು. ಮೂರನೆಯದನ್ನು ನಾನು ಸೂಚಿಸುವುದಿಲ್ಲ, ಇಂಚರದ ವಿಷಯದಲ್ಲಿ ಹೇಳಿದ ತೊಡಕೇ ಅದಕ್ಕೆ ಕಾರಣ. ಇಕಾರಾಂತಗಳಲ್ಲೂ ಗೌರೀ, ಗೌರಿ ಎಂಬ ಎರಡು ರೂಪಗಳಿರುತ್ತವೆ; ಕನ್ನಡದಲ್ಲಿ ಹ್ರಸ್ವವೇ ಸಹಜ.

ಗಂಡುಮಕ್ಕಳ ಹೆಸರುಗಳಲ್ಲಿ ಪ್ರಶ್ನೆ ಅರ್ಧಾಕ್ಷರದ್ದು. ಪ್ರಣವ ಎಂದು ಬರೆಯಬೇಕೇ, ಪ್ರಣವ್ ಎಂದೇ? ಸ್ವರಾಂತವಾಗಿ ಬರೆದರೆ ಪ್ರಣವನಿಗೆ, ಪ್ರಣವನ ಎಂದು ಪ್ರತ್ಯಯಗಳು ತಾವಾಗಿಯೇ ಹೊಂದಿಕೊಳ್ಳುತ್ತವೆ. ವ್ಯಂಜನಾಂತವಾದರೆ ‘ಪ್ರಣವ್‌ಗೆ’ ಎಂದು ಬರೆಯಬೇಕಾಗುತ್ತದೆ. ಕಂಪ್ಯೂಟರಿನಲ್ಲಿ ಹಾಗೆ ಮೂಡಿಸಬೇಕಾದರೆ ಅರ್ಧಾಕ್ಷರದ ನಂತರ ಕಣ್ಣಿಗೆ ಕಾಣದ ಒಂದು ತಡೆ ಅಕ್ಷರವನ್ನು ಒತ್ತಬೇಕು. ಒತ್ತದಿದ್ದರೆ ಅದು ‘ಪ್ರಣವ್ಗೆ’ ಎಂದು ವಕಾರದ ಕೆಳಗೆ ಗಕಾರದ ಒತ್ತಾಗಿ ಕುಳಿತುಬಿಡುತ್ತದೆ. ಹೆಸರಿನ ಮಧ್ಯದಲ್ಲೇ ಅರ್ಧಾಕ್ಷರ ನಿಲ್ಲಬೇಕಾದಂಥ ಹೊಸ ಹೆಸರುಗಳಲ್ಲಿ ಈ ಸಮಸ್ಯೆ ಪ್ರತಿಯೊಂದು ದಾಖಲೆಯಲ್ಲೂ ಮರುಕಳಿಸುತ್ತದೆ, ಏಕೆಂದರೆ ಆ ಕಾಣದ ಅಕ್ಷರ ಒಂದು ತಂತ್ರಾಂಶದಿಂದ ಇನ್ನೊಂದಕ್ಕೆ ಹೋಗುವಾಗ ಬಿದ್ದುಹೋಗಬಹುದು. ಅಂಥ ಹೆಸರಿಗೆ ಬದಲಾಗಿ ಸ್ವರಾಂತ ರೂಪವನ್ನು ಆರಿಸುವುದು ಕ್ಷೇಮ.

ಶ, ಷ, ಸ, ಣ, ನ, ಳ, ಲ, ಋ, ರು — ಇವುಗಳ ವಿಷಯದಲ್ಲಿ ನಿಘಂಟು ಹೇಳಿದ್ದೇ ಕೊನೆಯ ಮಾತಾಗಲಿ. ಅರಬ್ಬೀ, ಪಾರಸಿ ಮೂಲದ ಹೆಸರುಗಳಲ್ಲಿ ಬರುವ ‘ಜ಼’, ‘ಫ಼’ ಧ್ವನಿಗಳಿಗೆ ಕನ್ನಡದಲ್ಲಿ ಚುಕ್ಕೆಯಿಟ್ಟು ಬರೆಯುವ ಕ್ರಮವಿದೆಯಾದರೂ ಚುಕ್ಕೆಯನ್ನು ಬಿಟ್ಟು ಬರೆಯುವವರೇ ಹೆಚ್ಚು. ಜಕಾರವೋ ಝಕಾರವೋ ಎಂಬುದನ್ನು ಒಮ್ಮೆ ನಿಶ್ಚಯಿಸಿ ಎಲ್ಲ ಕಡೆಯೂ ಅದನ್ನೇ ಬಳಸಬೇಕು.

ಇಂಗ್ಲಿಷ್ ಅಕ್ಷರಗಳಿಗೆ ದಾಟಿಸುವುದು

ಇದೇ ಅತ್ಯಂತ ಎಚ್ಚರಿಕೆ ಬೇಡುವ ಹಂತ. ಕನ್ನಡದ ಅಕ್ಷರಮಾಲೆಯಲ್ಲಿರುವ ಎಲ್ಲ ಭೇದಗಳನ್ನೂ ಇಂಗ್ಲಿಷಿನ 26 ಅಕ್ಷರಗಳಲ್ಲಿ ಹಿಡಿದಿಡಲಾಗುವುದಿಲ್ಲ. ಮೇಲೆ ಗೆರೆ, ಕೆಳಗೆ ಚುಕ್ಕೆಯಿಟ್ಟು ಬರೆಯುವ ವಿದ್ವಾಂಸರ ಪದ್ಧತಿ ಪಾಸ್‌ಪೋರ್ಟಿನಲ್ಲಿ ನಡೆಯುವುದಿಲ್ಲ. ಯಾವ ಭೇದವನ್ನು ಉಳಿಸಿಕೊಳ್ಳಬೇಕು, ಯಾವುದನ್ನು ಬಿಟ್ಟುಕೊಡಬೇಕು ಎಂಬುದೇ ಇಲ್ಲಿಯ ತೀರ್ಮಾನ.

ತಕಾರದಿಂದ ಆರಂಭಿಸೋಣ. ದಕ್ಷಿಣದಲ್ಲಿ ನಾವು ತಕಾರಕ್ಕೆ ಟಿ-ಎಚ್ ಬರೆದು ಟಕಾರಕ್ಕೆ ಬರಿಯ ಟಿ ಬಿಡುತ್ತೇವೆ. ಉತ್ತರದಲ್ಲಿ ಎರಡಕ್ಕೂ ಟಿ ಸಾಕು, ಟಿ-ಎಚ್ ಥಕಾರಕ್ಕೆ ಮೀಸಲು. ಋಕಾರವನ್ನು ನಾವು ‘ರು’ ಎನ್ನುತ್ತೇವೆ, ಹಿಂದಿಯವರು ‘ರಿ’ ಎನ್ನುತ್ತಾರೆ. ಈಗ ‘ಋತಾ’ ಎಂಬ ಸುಂದರವಾದ ಹೆಸರನ್ನು ತೆಗೆದುಕೊಳ್ಳಿ. ಉತ್ತರದ ರೂಢಿಯಂತೆ ಆರ್-ಐ-ಟಿ-ಎ ಎಂದು ಬರೆದರೆ ಬೆಂಗಳೂರಿನಿಂದ ಬಾಸ್ಟನ್‌ವರೆಗೆ ಎಲ್ಲರೂ ಅದನ್ನು ‘ರೀಟಾ’ ಎಂದು ಓದುತ್ತಾರೆ, ಮಗುವಿನ ಹೆಸರೇ ಬೇರೆಯಾಗಿಬಿಡುತ್ತದೆ. ನಮ್ಮ ರೂಢಿಯಂತೆ ಆರ್-ಯು-ಟಿ-ಎಚ್-ಎ ಎಂದು ಬರೆದರೆ ಹೊರಗಿನವರು ‘ರೂಥಾ’ ಎಂದಾರು. ಇದು ಮೂಲಕ್ಕೆ ಹತ್ತಿರ, ತಿದ್ದಿ ಹೇಳಿದರೆ ಒಂದು ಮಾತಿನಲ್ಲಿ ಸರಿಹೋಗುತ್ತದೆ. ತಪ್ಪೇ ಆಗದಂಥ ಕಾಗುಣಿತ ಬಹಳ ಹೆಸರುಗಳಿಗೆ ಸಿಗುವುದಿಲ್ಲ. ತಪ್ಪಿದರೂ ಹತ್ತಿರದಲ್ಲೇ ಉಳಿಯುವ ಕಾಗುಣಿತವನ್ನು ಹುಡುಕಬೇಕು.

ಜ್ಞಕಾರದಲ್ಲೂ ಇಂಥದೇ ಕವಲು: ನಮ್ಮಲ್ಲಿ ಜೆ-ಎನ್ ಅಥವಾ ಜಿ-ಎನ್, ಹಿಂದಿಯಲ್ಲಿ ಜಿ-ವೈ, ಮರಾಠಿಯಲ್ಲಿ ಡಿ-ಎನ್-ವೈ. ಕನ್ನಡಿಗರ ಮಗುವಿಗೆ ಕನ್ನಡದ ಉಚ್ಚಾರಣೆಯೇ ಅಳತೆಯಾಗಲಿ. ಕ್ಷಕಾರಕ್ಕೆ ಕೆ-ಎಸ್-ಎಚ್ ಬರೆಯಿರಿ. ಎಕ್ಸ್ ಅಕ್ಷರವನ್ನು ಬಳಸಿದರೆ ‘ಕ್ಸ’ ಎಂದು ಓದಿಸಿಕೊಳ್ಳುತ್ತದೆ. ವಕಾರಕ್ಕೆ ವಿ ಸಾಕು. ಳಕಾರ ಣಕಾರಗಳನ್ನು ಇಂಗ್ಲಿಷಿನಲ್ಲಿ ಉಳಿಸಿಕೊಳ್ಳುವ ಆಸೆಯನ್ನು ಬಿಡಬೇಕು.

‘ಮುಗಿಲು’ ಎಂಬಲ್ಲಿ ಜಿ ಅಕ್ಷರದ ಮುಂದೆ ಐ ಬರುವುದರಿಂದ ಇಂಗ್ಲಿಷಿನ ಅಭ್ಯಾಸದವರು ‘ಮುಜಿಲು’ ಎಂದು ಓದಬಹುದು. ನಡುವೆ ಎಚ್ ಸೇರಿಸಿದರೆ ಅದು ಘಿಕಾರವಾಗುತ್ತದೆ. ಇಲ್ಲಿ ಅಕ್ಷರಗಳಿಂದ ಪರಿಹಾರ ಹುಡುಕಬಾರದು. ನೇರವಾದ ಕಾಗುಣಿತವನ್ನೇ ಇಟ್ಟುಕೊಂಡು ಉಚ್ಚಾರಣೆಯನ್ನು ಬಾಯಲ್ಲಿ ಹೇಳಿಕೊಡುವುದೇ ಸರಿ. ‘ಶಾಂತಲೆ’ಯ ಪ್ರಶ್ನೆ ಬೇರೆ. ಕೊನೆಯ ಇ ಅಕ್ಷರವನ್ನು ಇಂಗ್ಲಿಷ್ ಓದುಗರು ಉಚ್ಚರಿಸುವುದೇ ಇಲ್ಲ, ‘ಶಾಂತಲ್’ ಎಂದುಬಿಡುತ್ತಾರೆ. ಮಗು ಕರ್ನಾಟಕದಲ್ಲೇ ಬೆಳೆಯುವುದಾದರೆ ಶಾಂತಲೆಯೇ ಇರಲಿ. ಹೊರದೇಶದಲ್ಲಿ ಬೆಳೆಯುವುದಾದರೆ ಕನ್ನಡದಲ್ಲೇ ‘ಶಾಂತಲಾ’ ಎಂದು ನಿಶ್ಚಯಿಸಿ ಎರಡೂ ಲಿಪಿಗಳಲ್ಲಿ ಒಂದೇ ಹೆಸರಾಗುವಂತೆ ನೋಡಿಕೊಳ್ಳುವುದು ಮೇಲು. ದೀರ್ಘಗಳ ವಿಷಯದಲ್ಲಿ ನನ್ನ ಸಲಹೆ: ಅರ್ಥ ಬದಲಾಗುವಂತಿದ್ದರೆ ಮಾತ್ರ ಎರಡು ಎ, ಎರಡು ಇ ಬರೆಯಿರಿ, ಇಲ್ಲದಿದ್ದರೆ ಒಂದೇ ಸಾಕು.

ಸಂಖ್ಯಾಶಾಸ್ತ್ರವನ್ನು ನಂಬುವ ಮನೆಗಳು ಕಾಗುಣಿತ ನಿಶ್ಚಯವಾದ ಮೇಲೆ ಅಕ್ಷರ ಸೇರಿಸಲು ಹೋಗದೆ, ಮೊದಲೇ ಸಂಖ್ಯೆಯನ್ನು ತಿಳಿದುಕೊಂಡು, ಸಹಜ ಕಾಗುಣಿತದಲ್ಲೇ ಆ ಸಂಖ್ಯೆ ಬರುವ ಹೆಸರನ್ನು ಆರಿಸಿದರೆ ನಂಬಿಕೆಯೂ ಉಳಿಯುತ್ತದೆ, ಓದುವವರಿಗೂ ಅನುಕೂಲ.

ಬರೆದ ರೂಪವನ್ನು ಪರೀಕ್ಷಿಸುವ ವಿಧಾನ ಎರಡು. ಹೆಸರನ್ನು ಕೇಳಿರದ ಒಬ್ಬರಿಗೆ ಇಂಗ್ಲಿಷ್ ರೂಪವನ್ನು ಮಾತ್ರ ತೋರಿಸಿ ಕನ್ನಡದಲ್ಲಿ ಬರೆಯಲು ಹೇಳಿ. ಇನ್ನೊಬ್ಬರಿಗೆ ಫೋನಿನಲ್ಲಿ ಹೆಸರನ್ನು ಹೇಳಿ ಇಂಗ್ಲಿಷಿನಲ್ಲಿ ಬರೆಯಲು ಹೇಳಿ. ಎರಡೂ ನಿಮ್ಮ ಹಾಳೆಯೊಂದಿಗೆ ಹೊಂದಿದರೆ, ಅಥವಾ ಒಂದಕ್ಷರ ಮಾತ್ರ ವ್ಯತ್ಯಾಸವಾದರೆ, ಕಾಗುಣಿತ ಸಿದ್ಧವಾಯಿತು.

ಪೂರ್ಣ ಹೆಸರು

ಕನ್ನಡಿಗರಲ್ಲಿ ಅಡ್ಡಹೆಸರು ಎಲ್ಲರಿಗೂ ಇಲ್ಲ. ಕುಪ್ಪಳ್ಳಿ ವೆಂಕಟಪ್ಪ ಪುಟ್ಟಪ್ಪ ಎಂಬಂತೆ ಊರು, ತಂದೆ, ತನ್ನ ಹೆಸರು ಎಂಬ ಕ್ರಮ ಒಂದು ಕಡೆ. ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ ಎಂಬಂತೆ ಮನೆತನದ ಹೆಸರು ಮೊದಲು ಬರುವ ಕೊಡವ ಕ್ರಮ ಇನ್ನೊಂದು ಕಡೆ. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಕೊನೆಗೆ. ದಾಖಲೆಯಲ್ಲಿ ಇನಿಷಿಯಲ್‌ಗಳನ್ನು ಬಿಡಿ ಅಕ್ಷರವಾಗಿ ಹಾಕದೆ ಬಿಡಿಸಿ ಬರೆಯಬೇಕು. ಒಂದೇ ಪದದ ಹೆಸರನ್ನು ಇಟ್ಟು ಅಡ್ಡಹೆಸರಿನ ಜಾಗವನ್ನು ಖಾಲಿ ಬಿಡುವುದು ನೋಡಲು ಚೆಂದವಾದರೂ ಮುಂದೆ ತೊಡಕು ತರುತ್ತದೆ: ಅಂಥ ಪಾಸ್‌ಪೋರ್ಟಿಗೆ ಅಮೆರಿಕದ ವೀಸಾದಲ್ಲಿ ಮೊದಲ ಹೆಸರು ತಿಳಿದಿಲ್ಲ ಎಂದು ಸೂಚಿಸುವ ‘ಎಫ್‌ಎನ್‌ಯು’ ಅಚ್ಚಾಗುತ್ತದೆ, 2022ರ ನವೆಂಬರಿನಲ್ಲಿ ಯುಎಇ ಒಂದೇ ಪದದ ಹೆಸರಿನ ಪಾಸ್‌ಪೋರ್ಟ್ ಹಿಡಿದು ಭೇಟಿ ವೀಸಾದಲ್ಲಿ ಬರುವವರ ಪ್ರವೇಶಕ್ಕೆ ನಿರ್ಬಂಧ ಹಾಕಿತು. ತಂದೆಯ ಅಥವಾ ತಾಯಿಯ ಹೆಸರನ್ನೋ ಊರಿನ ಹೆಸರನ್ನೋ ಎರಡನೆಯ ಪದವಾಗಿ ಸೇರಿಸಿದರೆ ಸಾಕು. ತೀರಾ ಉದ್ದವೂ ಬೇಡ. ಪಾಸ್‌ಪೋರ್ಟಿನ ಕೆಳಭಾಗದಲ್ಲಿ ಯಂತ್ರ ಓದುವ ಸಾಲಿನಲ್ಲಿ ಹೆಸರಿಗಾಗಿ ಇರುವುದು 39 ಸ್ಥಾನಗಳು, ಪದಗಳ ನಡುವಿನ ತೆರಪೂ ಅದರಲ್ಲೇ ಸೇರುತ್ತದೆ.

ಹೊರದೇಶದಲ್ಲಿ ಹೆರಿಗೆಯಾಗುವ ಮನೆಗಳು ಅಲ್ಲಿಯ ನೋಂದಣಿ ನಿಯಮವನ್ನು ಮುಂಚೆಯೇ ಕೇಳಿ ತಿಳಿಯಬೇಕು. ಜರ್ಮನಿಯಲ್ಲಿ ‘ಕಿರಣ್’ ಎಂಬ ಭಾರತೀಯ ಹೆಸರು ಹೆಣ್ಣೋ ಗಂಡೋ ಎಂಬುದನ್ನು ತಿಳಿಸುವುದಿಲ್ಲ ಎಂದು ಅಧಿಕಾರಿಗಳು ತಡೆದಾಗ, ಹೆಣ್ಣುಮಗುವೊಂದಕ್ಕೆ ಆ ಹೆಸರನ್ನಿಡಲು ಅಲ್ಲಿಯ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಗಬೇಕಾಯಿತು. 2008ರಲ್ಲಿ ನ್ಯಾಯಾಲಯ ತಂದೆತಾಯಿಗಳ ಪರವಾಗಿ ತೀರ್ಪು ಕೊಟ್ಟಿತು.

ದಾಖಲೆಗೆ ಏರಿಸುವ ದಿನ

ಕನ್ನಡ ರೂಪ, ಇಂಗ್ಲಿಷ್ ದೊಡ್ಡಕ್ಷರಗಳ ರೂಪ, ತಂದೆತಾಯಿಗಳ ಹೆಸರು ಅವರವರ ಆಧಾರ್‌ನಲ್ಲಿ ಇರುವಂತೆಯೇ — ಇಷ್ಟನ್ನೂ ಒಂದು ಹಾಳೆಯ ಮೇಲೆ ಮುದ್ರಿಸಿ ನೋಂದಣಿ ಕಚೇರಿಗೆ ಒಯ್ಯಿರಿ. ಬಾಯಲ್ಲಿ ಹೇಳಿ ಬರೆಸಬೇಡಿ. ರಾಜ್ಯದ ‘ಇ-ಜನ್ಮ’ ವ್ಯವಸ್ಥೆಯಲ್ಲಿ ವಿವರ ತುಂಬಿದವರನ್ನು, ಅನುಮೋದಿಸುವ ಮುನ್ನ ಒಮ್ಮೆ ತೋರಿಸಲು ಕೇಳಿ, ಎರಡೂ ಲಿಪಿಗಳನ್ನು ಅಕ್ಷರ ಅಕ್ಷರವಾಗಿ ಓದಿ. ಇಂಗ್ಲಿಷ್ ಸಾಲು ಸರಿಯಿದೆಯೆಂದು ಕನ್ನಡದ ಸಾಲನ್ನು ಓದದೆ ಬಿಡುವವರು ಬಹಳ. ಆಧಾರ್ ಕೇಂದ್ರದಲ್ಲಂತೂ ಇಂಗ್ಲಿಷಿನಲ್ಲಿ ಒತ್ತಿದ್ದನ್ನು ತಂತ್ರಾಂಶವೇ ಕನ್ನಡಕ್ಕೆ ತಿರುಗಿಸುತ್ತದೆ. ತಕಾರ ಟಕಾರವಾಗುವುದು, ಳಕಾರ ಲಕಾರವಾಗುವುದು, ಹ್ರಸ್ವ ದೀರ್ಘವಾಗುವುದು ಅಲ್ಲಿಯೇ. ನಿಮ್ಮ ಕಡೆ ತಿರುಗಿಸಿದ ಪರದೆಯಲ್ಲಿ ಕನ್ನಡದ ಸಾಲನ್ನು ಬೆರಳಿಟ್ಟು ತೋರಿಸಿ ತಿದ್ದಿಸಿ. ಆಧಾರ್‌ನಲ್ಲಿ ಹೆಸರು ಬದಲಿಸಲು ಜೀವಮಾನದಲ್ಲಿ ಎರಡು ಅವಕಾಶಗಳಷ್ಟೇ ಇವೆ. ಮಗುವಿನ ಪಾಲಿನ ಒಂದನ್ನು ಮೊದಲ ವರ್ಷವೇ ಕಳೆಯುವುದು ತರವಲ್ಲ.

ಆದರೂ ತಪ್ಪು ನುಸುಳಿದರೆ ತಿದ್ದುವ ಕ್ರಮ ಜನನ ಪ್ರಮಾಣಪತ್ರದಿಂದಲೇ ಆರಂಭವಾಗಬೇಕು. ಆಧಾರ್ ತಿದ್ದಿಸಿಕೊಂಡು ಆಮೇಲೆ ಪ್ರಮಾಣಪತ್ರದ ಕಡೆ ಹೋದವರಿಗೆ, ಎರಡರಲ್ಲಿ ಯಾವುದು ಮೂಲ ಎಂಬ ಪ್ರಶ್ನೆ ಎದುರಾಗುತ್ತದೆ. ನೋಂದಣಾಧಿಕಾರಿಗೆ ಅರ್ಜಿ ಕೊಟ್ಟು, ಅವರು ಕೇಳುವ ದಾಖಲೆಗಳನ್ನು ಒದಗಿಸಿ ಪ್ರಮಾಣಪತ್ರವನ್ನು ಸರಿಪಡಿಸಿಕೊಳ್ಳಿ. ಅದನ್ನು ತೋರಿಸಿ ಆಧಾರ್, ಆಮೇಲೆ ಪಾಸ್‌ಪೋರ್ಟ್ ಇದ್ದರೆ ಅದು, ಕಡೆಗೆ ಶಾಲೆಯ ದಾಖಲಾತಿ. ಇಷ್ಟೂ ಮಗು ಒಂದನೆಯ ತರಗತಿಗೆ ಸೇರುವ ಮುಂಚೆ ಮುಗಿದಿರಲಿ, ಏಕೆಂದರೆ ಶಾಲೆಯ ದಾಖಲಾತಿ ಪುಸ್ತಕಕ್ಕೆ ಏರಿದ ಹೆಸರೇ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯವರೆಗೂ ನಡೆಯುತ್ತದೆ, ಅಷ್ಟು ಹೊತ್ತಿಗೆ ತಿದ್ದಬೇಕಾದ ಕಾಗದಗಳ ಸಂಖ್ಯೆ ಹಲವು ಪಟ್ಟು ಬೆಳೆದಿರುತ್ತದೆ.